ಮೆಟಡೋರಿಗೊಂದು ದಾರಿ ತೋರುವ ಯಂತ್ರ

೧೯೯೮ರ ಫೆಬ್ರವರಿಯಲ್ಲಿ ಮೂರು ದಿನ ಆದಿನಾರಾಯಣಪ್ಪನವರು ಅನುಗೊಂಡನಹಳ್ಳಿಯ ಗಡಿಯಲ್ಲಿ ಒಂದು ಬಾಂದು ಕಲ್ಲಿನ ಪಕ್ಕ ಕೂತಿದ್ದರು. ಜಮೀನಿನ ಎಲ್ಲೆ ಗುರುತಿಸಲು ಸರ್ವೆಯವರು ಹಿಂದೆಂದೋ ನೆಟ್ಟ ಕಲ್ಲು ಅದು. ತಲೆಗೆ ಟವಲು ಸುತ್ತಿಕೊಂಡು, ಸೋಪಿನ ಡಬ್ಬಿಯಷ್ಟಿದ್ದ ಒಂದು ಕರಿ ವಸ್ತುವನ್ನು ಹತ್ತು ನಿಮಿಷಕ್ಕೊಮ್ಮೆ ಕಲ್ಲಿನ ನೆತ್ತಿಯ ಮೇಲಿಟ್ಟು, ಅದರ ಗಾಜಿನಲ್ಲಿ ಮೂಡುವ ಅಂಕಿಗಳನ್ನು ನೋಟ್ ಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದರು. ಪಕ್ಕದಲ್ಲಿ ಅಂಥದೇ ಇನ್ನೊಂದು ವಸ್ತು ಇತ್ತು, ಅದು ಕೊಂಚ ಉದ್ದ.

ಕಲ್ಲಿನ ಆಚೆ ಬದಿಯ ಹೊಲ ಮುನಿರಾಮಯ್ಯನದು. ರಾಗಿ ಕೊಯ್ದು ಮುಗಿಸಿ ಮನೆಯಲ್ಲಿ ಆರಾಮಾಗಿದ್ದವನಿಗೆ ಈ ಸುದ್ದಿ ಮುಟ್ಟಿ, ಎರಡನೇ ದಿನ ಓಡಿಬಂದ.

"ಅಣ್ಣಾ, ನಿಜ ಹೇಳ್ಬಿಡು. ದೇವನಹಳ್ಳಿ ಕಡೆ ಏರ್‌ಪೋರ್ಟಿಗೆ ಅಂತ ಜಮೀನು ಅಳೀತಾವ್ರಂತೆ. ಈಗ ಇಲ್ಲಿಗೂ ಬಂದ್ರಾ?"

"ಯಾರೂ ಬಂದಿಲ್ಲ ಕಣಪ್ಪ. ನಾನು ರಿಟೈರ್ಡ್ ಆಗೇ ಮೂರು ವರ್ಷ ಆಯ್ತು."

"ಮತ್ತೆ ಕೈಲಿರೋದು ಏನು?"

"ದಾರಿ ತೋರ್ಸೋ ಯಂತ್ರ. ನಮ್ಮ ವ್ಯಾನಿಗೆ ಇದು ತಗೊಳ್ಳೋದಾ, ಅದು ತಗೊಳ್ಳೋದಾ ಅಂತ ಪರೀಕ್ಷೆ ಮಾಡ್ತಾ ಇದೀನಿ."

ಮುನಿರಾಮಯ್ಯ ಕಲ್ಲನ್ನೊಮ್ಮೆ, ಯಂತ್ರವನ್ನೊಮ್ಮೆ ನೋಡಿದ. "ದಾರಿ ತೋರ್ಸೋದಾದ್ರೆ ಕಲ್ಲತ್ರ ಯಾಕೆ ಕೂತಿದ್ದೀಯ? ಕಲ್ಲು ಎಲ್ಲಿಗೋಯ್ತದೆ?"

"ಅದೇ ತೊಂದ್ರೆ. ಇದರ ಲೆಕ್ಕದಲ್ಲಿ ಈ ಕಲ್ಲು ಬೆಳಿಗ್ಗೆಯಿಂದ ಓಡಾಡ್ತಾನೇ ಇದೆ."

ಈ ಉತ್ತರದಿಂದ ಮುನಿರಾಮಯ್ಯನ ಭಯ ಹೆಚ್ಚಾಯಿತೇ ಹೊರತು ಕಡಿಮೆಯಾಗಲಿಲ್ಲ. ಸಂಜೆ ಇನ್ನೂ ಮೂವರನ್ನು ಕರೆದುಕೊಂಡು ಆದಿನಾರಾಯಣಪ್ಪನವರ ಮನೆಗೇ ಬಂದ. ಅವರ ಹೆಂಡತಿ ರುಕ್ಮಿಣಮ್ಮ ನಾಲ್ವರಿಗೂ ಕಾಫಿ ಕೊಟ್ಟು, ಇದು ಸರ್ಕಾರದ ಕೆಲಸವಲ್ಲ, ನಮ್ಮದೇ ಹುಚ್ಚು ಎಂದು ಬಿಡಿಸಿ ಹೇಳಿದರು. ಬಂದವರಲ್ಲಿ ಇಬ್ಬರು ಅವರ ಹತ್ತಿರ ಮೂರನೇ ಕ್ಲಾಸು ಓದಿದವರು. ಟೀಚರಮ್ಮ ಹೇಳಿದ ಮೇಲೆ ನಂಬಿ ಎದ್ದುಹೋದರು.

ಆ ಹುಚ್ಚು ಏನೆಂಬುದನ್ನು ಮೊದಲಿನಿಂದಲೇ ಹೇಳಬೇಕು.

ಆದಿನಾರಾಯಣಪ್ಪನವರು ಹೊಸಕೋಟೆ ತಾಲ್ಲೂಕು ಕಚೇರಿಯಲ್ಲಿ ಮೂವತ್ತನಾಲ್ಕು ವರ್ಷ ಸರ್ವೇಯರ್ ಆಗಿದ್ದವರು. ಅಣ್ಣತಮ್ಮಂದಿರು ಭಾಗ ಮಾಡಿಕೊಳ್ಳುವಾಗ, ಬದುವಿನ ಜಗಳ ಪೊಲೀಸ್ ಸ್ಟೇಷನ್ನಿನವರೆಗೆ ಹೋದಾಗ ಚೈನು ಹಿಡಿದು ಹೋಗಿ, ಮಣ್ಣಿನಡಿ ಹೂತುಹೋದ ಕಲ್ಲನ್ನು ಹುಡುಕಿ ತೆಗೆದು, ಇದು ನಿನ್ನದು, ಅದು ಅವನದು ಎಂದು ತೋರಿಸಿ ಬರುತ್ತಿದ್ದರು. ಅವರು ತೋರಿಸಿದ ಜಾಗದಲ್ಲಿ ಅಗೆದರೆ ಕಲ್ಲು ಸಿಕ್ಕೇ ಸಿಗುತ್ತದೆ ಎಂಬ ಹೆಸರಿತ್ತು. ಆ ಹೆಸರಿನ ಬಗ್ಗೆ ಅವರಿಗೂ ಸ್ವಲ್ಪ ಜಂಬವಿತ್ತು.

ರುಕ್ಮಿಣಮ್ಮ ಜಡಿಗೇನಹಳ್ಳಿಯ ಪ್ರೈಮರಿ ಸ್ಕೂಲಿನಲ್ಲಿ ಇಪ್ಪತ್ತೆಂಟು ವರ್ಷ ಟೀಚರಾಗಿದ್ದರು. ನಲವತ್ತೊಂಬತ್ತನೇ ವಯಸ್ಸಿಗೆ ಸಕ್ಕರೆ ಕಾಯಿಲೆ ಬಂತು. ಮಾತ್ರೆಗೆ ಬಗ್ಗಲಿಲ್ಲ, ದಿನಕ್ಕೆರಡು ಸಲ ಇನ್ಸುಲಿನ್ ಚುಚ್ಚಿಕೊಳ್ಳಬೇಕಾಯಿತು. ಇನ್ಸುಲಿನ್ ಸೀಸೆ ತಣ್ಣಗಿರಬೇಕು, ಹೊತ್ತಿಗೆ ಸರಿಯಾಗಿ ಊಟ ಆಗಬೇಕು. ಆಮೇಲಿನ ಆರು ವರ್ಷ ಅವರು ಒಂದು ದಿನವೂ ಬೇರೆಯವರ ಮನೆಯಲ್ಲಿ ಮಲಗಲಿಲ್ಲ. ತಂಗಿಯ ಮಗಳ ಮದುವೆಗೂ ಧಾರೆಯ ಹೊತ್ತಿಗೆ ಹೋಗಿ, ಡಬ್ಬಿಯಲ್ಲಿ ಒಯ್ದಿದ್ದನ್ನು ಉಂಡು, ಸಂಜೆಯೊಳಗೆ ವಾಪಸ್ಸು ಬಂದಿದ್ದರು.

೧೯೯೫ರಲ್ಲಿ ಆದಿನಾರಾಯಣಪ್ಪನವರು ನಿವೃತ್ತರಾದರು. ರುಕ್ಮಿಣಮ್ಮನೂ ಸ್ವಂತ ಇಚ್ಛೆಯಿಂದ ಕೆಲಸ ಬಿಟ್ಟರು. ಒಂದು ದಿನ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ಅವರು ಗಂಡನಿಗೆ ಹೇಳಿದರು: "ಒಂದ್ಸಲ ಕ್ಲಾಸಲ್ಲಿ ನದಿಗಳ ಪಾಠ ಮಾಡ್ತಿದ್ದೆ. ಒಬ್ಳು ಹುಡುಗಿ ಎದ್ದು, ಟೀಚರ್, ನೀವು ಭೀಮಾ ನದಿ ನೋಡಿದೀರಾ ಅಂದ್ಳು. ನೋಡಿದೀನಿ ಅಂದ್ಬಿಟ್ಟೆ."

"ನೋಡಿಲ್ವಲ್ಲ ನೀನು?"

"ಎಲ್ರೀ ನೋಡಿದೀನಿ? ನಮ್ಮ ಕೆರೆ ಬಿಟ್ರೆ ನಾನು ಯಾವ ನೀರು ನೋಡಿದೀನಿ? ಗೋಡೆ ಮೇಲೆ ನಕ್ಷೆ ನೇತಾಕಿ, ಕೋಲಿಟ್ಟು ತೋರ್ಸಿದ್ದೇ ಬಂತು."

ಮರುವಾರ ಆದಿನಾರಾಯಣಪ್ಪನವರು ಒಂದು ಹಳೇ ಮೆಟಡೋರ್ ವ್ಯಾನು ಕೊಂಡರು. ಬ್ರೆಡ್ ಸಾಗಿಸುತ್ತಿದ್ದ ವ್ಯಾನು. ಬಿಸಿಲೇರಿದರೆ ಒಳಗಿಂದ ಬನ್ನಿನ ವಾಸನೆ ಬರುತ್ತಿತ್ತು. ಹೊಸಕೋಟೆಯಲ್ಲಿ ಮದ್ರಾಸ್ ರಸ್ತೆಯ ಮೇಲೆ ಗ್ಯಾರೇಜ್ ಇಟ್ಟಿದ್ದ ನಂದೀಶ್ ಅದಕ್ಕೆ ಕಿಟಕಿ ಕೊರೆದು, ಇಬ್ಬರು ಮಲಗುವಷ್ಟು ಹಲಗೆ ಹಾಕಿ, ನಲ್ಲಿ ಇರುವ ನೀರಿನ ಡ್ರಮ್ಮು, ಗ್ಯಾಸ್ ಒಲೆ, ಪಾತ್ರೆ ಉರುಳದಂತೆ ಚಿಲಕದ ಬೀರು ಕೂರಿಸಿದ. ಐವತ್ತೆಂಟು ದಾಟಿದ್ದ ಆದಿನಾರಾಯಣಪ್ಪನವರಿಗೆ ಡ್ರೈವಿಂಗ್ ಕಲಿಸಿದವನೂ ಅವನೇ. ಬತ್ತಿದ ಕೆರೆಯ ಅಂಗಳದಲ್ಲಿ ಒಂದು ತಿಂಗಳು ಸುತ್ತಿಸಿದ.

ಇನ್ಸುಲಿನ್ನಿಗೆ ಅಗಲ ಬಾಯಿಯ ಫ್ಲಾಸ್ಕು ತಂದರು. ಅದರ ತುಂಬ ಐಸ್ ಹಾಕಿ ನಡುವೆ ಸೀಸೆ ಇಟ್ಟರೆ ಎಂಟು ಗಂಟೆ ತಣ್ಣಗಿರುತ್ತಿತ್ತು. ಅಷ್ಟರೊಳಗೆ ಯಾವುದಾದರೂ ಊರು ಸೇರಿ, ಸೋಡಾ ಅಂಗಡಿಯಲ್ಲೋ ಐಸ್ ಕ್ಯಾಂಡಿ ಮಾಡುವವರಲ್ಲೋ ಹೊಸ ಐಸ್ ಹಾಕಿಸಿಕೊಳ್ಳಬೇಕು.

೧೯೯೬ರ ಡಿಸೆಂಬರಿನಲ್ಲಿ ಹೊರಟರು. ರಾಯಚೂರಿನ ಉತ್ತರಕ್ಕೆ ಭೀಮಾ ನದಿ ಕೃಷ್ಣೆಗೆ ಸೇರುವ ಜಾಗ ಅವರ ಗುರಿ. ಅನಂತಪುರ, ಆದೋನಿ ದಾಟಿ ಎರಡನೇ ದಿನ ರಾಯಚೂರು ಸೇರುವವರೆಗೆ ಏನೂ ತೊಂದರೆ ಆಗಲಿಲ್ಲ. ಮೂರನೇ ದಿನ ಬೆಳಿಗ್ಗೆ ಊರು ಬಿಟ್ಟ ಮೇಲೆ ದಾರಿ ತಪ್ಪಿತು. ಅಂಗಡಿಯಲ್ಲಿ ಕೊಂಡ ರಸ್ತೆ ನಕ್ಷೆಯಲ್ಲಿ ಕೂದಲೆಳೆಯಂಥ ಒಂದು ಗೆರೆ ಇತ್ತು. ನೆಲದ ಮೇಲೆ ಮೂರು ರಸ್ತೆ ಕವಲೊಡೆದಿದ್ದವು. ಎತ್ತ ನೋಡಿದರೂ ಕರಿ ಮಣ್ಣು, ಜೋಳ, ಹತ್ತಿ. ಗುಡ್ಡವಿಲ್ಲ, ಗುರುತಿಗೊಂದು ಮರವಿಲ್ಲ. ಕೇಳಿದವರೆಲ್ಲ "ಇಲ್ಲೇ ಐತ್ರಿ, ಸೀದಾ ಹೋಗ್ರಿ" ಎಂದರು. ಸೀದಾ ಹೋಗಿ ಕಾಲುವೆಯ ಏರಿ ಹತ್ತಿ, ವ್ಯಾನು ತಿರುಗಿಸಲೂ ಜಾಗವಿಲ್ಲದ ಕಡೆ ನಿಂತರು. ಹಿಂದಕ್ಕೆ ಬಂದು ಇನ್ನೊಂದು ದಾರಿ ಹಿಡಿದರು, ಅದು ಯಾರದೋ ಹೊಲದ ಬಾವಿಯ ಹತ್ತಿರ ಮುಗಿಯಿತು.

ಮಧ್ಯಾಹ್ನ ಮೂರಕ್ಕೆ ಫ್ಲಾಸ್ಕು ತೆಗೆದರೆ ಐಸ್ ಎಲ್ಲ ನೀರಾಗಿ, ಆ ನೀರೂ ಬೆಚ್ಚಗಾಗಿತ್ತು. ಇದ್ದ ಎರಡು ಸೀಸೆಯೂ ಅದರಲ್ಲೇ ಇದ್ದವು. ಚುಚ್ಚಿಕೊಳ್ಳುವುದಕ್ಕೆ ರುಕ್ಮಿಣಮ್ಮನಿಗೆ ಧೈರ್ಯ ಬರಲಿಲ್ಲ. ಕೇಳಿಕೊಂಡು ಕೇಳಿಕೊಂಡು ರಾಯಚೂರಿಗೆ ವಾಪಸ್ಸು ಬರುವಷ್ಟರಲ್ಲಿ ಭಾನುವಾರದ ಸಂಜೆ. ತೆರೆದಿದ್ದ ಒಂದೆರಡು ಔಷಧಿ ಅಂಗಡಿಗಳಲ್ಲಿ ಇನ್ಸುಲಿನ್ ಇರಲಿಲ್ಲ. ಸೋಮವಾರ ಹತ್ತು ಗಂಟೆಗೆ ಸಿಕ್ಕಿತು. ಅಷ್ಟರಲ್ಲಿ ಅವರು ಬಾಯಾರಿ ಬಾಯಾರಿ, ತಲೆ ಎತ್ತಲಾಗದೆ ಹಲಗೆಯ ಮೇಲೆ ಮಲಗಿದ್ದರು. ನದಿ ನೋಡದೆ ಇಬ್ಬರೂ ಊರಿಗೆ ತಿರುಗಿದರು.

ಹೊಸಕೋಟೆ ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕೆಲಸಕ್ಕಿದ್ದ ಮಗಳು ಮಮತ ವಿಷಯ ಕೇಳಿ ಕೆಂಡವಾದಳು. "ಅಪ್ಪ, ಆ ವ್ಯಾನ್ ಮಾರ್ಬಿಡಿ. ಅಮ್ಮಂಗೆ ಏನಾದ್ರೂ ಆಗಿದ್ರೆ ಆ ಕಾಡಲ್ಲಿ ಯಾರನ್ನ ಕರೀತಿದ್ರಿ?"

ಆದಿನಾರಾಯಣಪ್ಪನವರಿಗೂ ತಪ್ಪು ತಮ್ಮದೇ ಅನ್ನಿಸಿತ್ತು. ಇಡೀ ತಾಲ್ಲೂಕಿನಲ್ಲಿ ಮೊಣಕಾಲುದ್ದದ ಕಲ್ಲುಗಳನ್ನು ಹುಡುಕಿಕೊಟ್ಟವನಿಗೆ ಒಂದು ನದಿ ಸಿಗಲಿಲ್ಲವಲ್ಲ ಎಂಬುದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು. ವ್ಯಾನನ್ನು ಮಾತ್ರ ಮಾರಲಿಲ್ಲ. ಮನೆಯ ಪಕ್ಕ ಚಪ್ಪರ ಹಾಕಿ ನಿಲ್ಲಿಸಿದರು.

ಮರುವರ್ಷ ಮಳೆಗಾಲ ಮುಗಿದ ಮೇಲೆ ನಂದೀಶ್ ಹೇಳಿಕಳಿಸಿದ. ಮದ್ರಾಸಿಗೆ ಹೊರಟಿದ್ದ ವಯಸ್ಸಾದ ವಿದೇಶಿ ಗಂಡ ಹೆಂಡತಿಯ ಗಾಡಿ ಸ್ಪ್ರಿಂಗ್ ಪ್ಲೇಟ್ ಮುರಿದುಕೊಂಡು ಅವನ ಗ್ಯಾರೇಜಿಗೆ ಬಂದಿತ್ತು. "ಸಾರ್, ನಿಮ್ಮ ವ್ಯಾನಿನ ದೊಡ್ಡಣ್ಣ ಬಂದವ್ನೆ, ಬಂದು ನೋಡಿ." ಆ ಗಾಡಿಯೊಳಗೆ ಮಂಚ, ಒಲೆ, ಪುಟ್ಟ ಫ್ರಿಜ್ ಎಲ್ಲ ಇದ್ದವು. ಆದಿನಾರಾಯಣಪ್ಪನವರ ಕಣ್ಣು ಬಿದ್ದದ್ದು ಸ್ಟೀರಿಂಗಿನ ಪಕ್ಕ ಅಂಟಿಸಿದ್ದ ಡಬ್ಬಿಯ ಮೇಲೆ. ಕಚೇರಿ ಇಂಗ್ಲಿಷಿನಲ್ಲಿ ಕೇಳಿದರು, ಆ ಮುದುಕ ಸಮಾಧಾನವಾಗಿ ವಿವರಿಸಿದ. ಆಕಾಶದಲ್ಲಿ ಸುತ್ತುವ ಉಪಗ್ರಹಗಳ ಸಂಕೇತ ಹಿಡಿದು, ನಾವು ನಿಂತಿರುವ ಜಾಗದ ಅಕ್ಷಾಂಶ ರೇಖಾಂಶಗಳನ್ನು ಅದು ಹೇಳುತ್ತದೆ. ಅಷ್ಟೇ. ನಕ್ಷೆ ಅದರಲ್ಲಿ ಇಲ್ಲ, ನಕ್ಷೆ ನಮ್ಮ ಕೈಯಲ್ಲಿರಬೇಕು.

ಮನೆಗೆ ಬಂದು ಹೇಳಿದಾಗ ರುಕ್ಮಿಣಮ್ಮ ತಕ್ಷಣ ಕೇಳಿದರು: "ಅಂದ್ರೆ ಗ್ಲೋಬ್ ಮೇಲೆ ಗೆರೆ ಇರ್ತವಲ್ಲ, ಅದರಲ್ಲಿ ನಾವು ಯಾವ ಗೆರೆ ಮೇಲಿದೀವಿ ಅಂತ ಹೇಳುತ್ತೆ?"

"ಹೂಂ. ಡಿಗ್ರಿ, ಮಿನಿಟು ಸಮೇತ."

"ಹಾಗಾದ್ರೆ ಅದು ನನಗೆ ಅರ್ಥ ಆಗೋ ಯಂತ್ರ," ಎಂದರು.

ಬೆಂಗಳೂರಿನ ಎಸ್.ಪಿ. ರೋಡಿನಲ್ಲಿ ಅಂಥ ಸಾಮಾನು ತರಿಸುವ ಒಬ್ಬ ವ್ಯಾಪಾರಿ ಇದ್ದ. ಹೊಸಕೋಟೆ ಹತ್ತಿರ ಅವನು ಕೊಂಡ ಸೈಟನ್ನು ಆದಿನಾರಾಯಣಪ್ಪನವರೇ ಅಳೆದುಕೊಟ್ಟಿದ್ದರಿಂದ ನಂಬಿಕೆ ಇತ್ತು. ಅವನ ಹತ್ತಿರ ಎರಡು ತರಹದ್ದು ಇದ್ದವು. ಚಿಕ್ಕದು ನಾಲ್ಕು ಪೆನ್ ಸೆಲ್ಲಿನ ಮೇಲೆ ನಡೆಯುತ್ತಿತ್ತು, ಬರೀ ಅಂಕಿ ತೋರಿಸುತ್ತಿತ್ತು. ಉದ್ದನೆಯದು ನಾವು ನಡೆದ ದಾರಿಯನ್ನು ಗೆರೆಯಾಗಿ ಬರೆದು ತೋರಿಸುತ್ತಿತ್ತು, ಬಾಣದ ಗುರುತೂ ಇತ್ತು, ಗಾಡಿಯ ಚಾವಣಿಯ ಮೇಲಿಡಲು ತಂತಿಯ ಆಂಟೆನಾ ಇತ್ತು. ಎರಡನ್ನೂ ಹದಿನೈದು ದಿನ ಇಟ್ಟುಕೊಂಡು ನೋಡಿ, ಬೇಡದ್ದನ್ನು ತಂದುಕೊಡಿ ಎಂದು ಕೊಟ್ಟುಕಳಿಸಿದ. ಹಾಗೆ ಅವರು ಬಾಂದು ಕಲ್ಲಿನ ಪಕ್ಕ ಕೂತದ್ದು.

ಮೂರು ದಿನದ ಪರೀಕ್ಷೆಯ ಫಲ ಅವರಿಗೆ ಒಂದಿಷ್ಟೂ ಹಿಡಿಸಲಿಲ್ಲ. ಅಲುಗಾಡದ ಕಲ್ಲನ್ನು ಎರಡೂ ಯಂತ್ರಗಳು ಒಮ್ಮೆ ಮುನಿರಾಮಯ್ಯನ ಹೊಲದೊಳಗೆ, ಒಮ್ಮೆ ಇತ್ತಲಿನ ಗುಂಡುತೋಪಿನೊಳಗೆ ತೋರಿಸಿದ್ದವು. ನೂರು ಹೆಜ್ಜೆಯವರೆಗೂ ವ್ಯತ್ಯಾಸ. ಉಪಗ್ರಹ ಹಾರಿಸಿದ ದೇಶದವರು ಬೇರೆಯವರಿಗೆ ನಿಖರ ಲೆಕ್ಕ ಸಿಗಬಾರದೆಂದು ಬೇಕಂತಲೇ ಇಷ್ಟು ತಪ್ಪಿಸುತ್ತಾರೆ ಎಂದು ಜೊತೆಗಿದ್ದ ಪುಸ್ತಕ ಹೇಳುತ್ತಿತ್ತು.

"ಎರಡೂ ವಾಪಸ್ ಕೊಟ್ಬಿಡ್ತೀನಿ," ಎಂದರು ಆದಿನಾರಾಯಣಪ್ಪನವರು. "ನೆಟ್ಟ ಕಲ್ಲು ಹಿಡಿಯಕ್ಕಾಗದ ಯಂತ್ರ ಯಾವ ಕೆಲಸಕ್ಕೆ ಬಂತು?"

ರುಕ್ಮಿಣಮ್ಮ ನೋಟ್ ಪುಸ್ತಕ ಇಸಕೊಂಡು ಅಂಕಿಗಳನ್ನು ಓದುತ್ತಾ ಹೋದರು. "ನೂರು ಹೆಜ್ಜೆ ತಪ್ಪು ಅಷ್ಟೇ ತಾನೆ? ಅವತ್ತು ನೀವೆಷ್ಟು ತಪ್ಪಿದ್ರಿ, ಹತ್ತು ಮೈಲಿ. ನಮಗೆ ಬೇಕಿರೋದು ಕಲ್ಲಲ್ಲ ಕಣ್ರೀ, ಹೊಳೆ. ಹೊಳೆ ಈ ಮನೆಯಿಂದ ಆ ಗುಂಡುತೋಪಿನವರೆಗಿನಷ್ಟು ಅಗಲ ಇರುತ್ತೆ. ನೂರು ಹೆಜ್ಜೆ ಹತ್ರ ಹೋದ್ರೆ ಕಣ್ಣಿಗೇ ಕಾಣುತ್ತೆ."

ಆದಿನಾರಾಯಣಪ್ಪನವರು ಎರಡೂ ಯಂತ್ರಗಳನ್ನು ಡಬ್ಬಿಗೆ ಹಾಕಿಟ್ಟರು. ಮೂವತ್ತನಾಲ್ಕು ವರ್ಷ ಅಂಗುಲ ಅಂಗುಲ ನೋಡಿದ ಮನುಷ್ಯನಿಗೆ ಇದು ಒಪ್ಪಲು ಕಷ್ಟದ ಮಾತು. ರಾತ್ರಿ ಊಟವಾದ ಮೇಲೆ, "ಸರಿ, ನಾಳೆ ವ್ಯಾನಲ್ಲಿಟ್ಟು ನೋಡೋಣ," ಎಂದರು.

ಮರುದಿನ ಅನುಗೊಂಡನಹಳ್ಳಿಯಿಂದ ಹೊಸಕೋಟೆ, ಅಲ್ಲಿಂದ ದೇವನಹಳ್ಳಿ, ಮತ್ತೆ ವಾಪಸ್ಸು ಓಡಿಸಿದರು. ಕೂತು ಓದುವವರು ರುಕ್ಮಿಣಮ್ಮ. ಉದ್ದನೆಯ ಯಂತ್ರದ ಆಂಟೆನಾ ಚಾವಣಿಯ ಮೇಲೆ ಚೆನ್ನಾಗಿ ಕೆಲಸ ಮಾಡಿತು, ಸಂಕೇತ ಒಮ್ಮೆಯೂ ತಪ್ಪಲಿಲ್ಲ. ಚಿಕ್ಕದು ವ್ಯಾನಿನ ತಗಡಿನಡಿ ಕುರುಡಾಗುತ್ತಿತ್ತು, ಕಿಟಕಿಯಾಚೆ ಕೈ ಚಾಚಿ ಹಿಡಿಯಬೇಕಾಗುತ್ತಿತ್ತು. ಆದಿನಾರಾಯಣಪ್ಪನವರು ಮನಸ್ಸಿನಲ್ಲೇ ಉದ್ದನೆಯದನ್ನು ಆರಿಸಿಬಿಟ್ಟಿದ್ದರು.

ದೇವನಹಳ್ಳಿಯ ಕೋಟೆ ಹತ್ತಿರ ವ್ಯಾನು ನಿಲ್ಲಿಸಿದಾಗ ರುಕ್ಮಿಣಮ್ಮ ಹೇಳಿದರು, "ಇದು ಬೇಡ."

"ಯಾಕೆ? ಇದೇ ಅಲ್ವಾ ಚೆನ್ನಾಗಿರೋದು?"

"ಚೆನ್ನಾಗಿದೆ. ನನಗೆ ಕಾಣಲ್ಲ."

ಕಣ್ಣಿನ ವಿಷಯವನ್ನು ಅವರು ಅಲ್ಲಿಯವರೆಗೆ ಯಾರಿಗೂ ಹೇಳಿರಲಿಲ್ಲ. ಉದ್ದನೆಯ ಯಂತ್ರದ ಅಂಕಿಗಳು ಅಕ್ಕಿಕಾಳಿನಷ್ಟು ಸಣ್ಣವು, ಬಿಸಿಲು ಬಿದ್ದರೆ ಪೂರ್ತಿ ಮಾಯ. ಚಿಕ್ಕದರಲ್ಲಿ ಬೇರೇನೂ ಇಲ್ಲದ್ದರಿಂದ ಅಂಕಿಗಳು ದಪ್ಪವಾಗಿ ಮೂಡುತ್ತಿದ್ದವು. ಆದಿನಾರಾಯಣಪ್ಪನವರು ಎಂಜಿನ್ ಆರಿಸಿದರು. ಆಮೇಲೆ, "ಯಾವಾಗಿಂದ?" ಎಂದು ಕೇಳಿದರು. "ಯುಗಾದಿಗೆ ಒಂದು ವರ್ಷ ಆಗುತ್ತೆ," ಎಂದರು ರುಕ್ಮಿಣಮ್ಮ.

ಮರುದಿನವೇ ಉದ್ದನೆಯದನ್ನು ಹಿಂದಿರುಗಿಸಿದರು. ನಂದೀಶ್ ಚಿಕ್ಕ ಯಂತ್ರಕ್ಕೆ ಮುಂದಿನ ಗಾಜಿನಡಿ, ಆಕಾಶ ಕಾಣುವ ಜಾಗದಲ್ಲಿ ಒಂದು ತಟ್ಟೆ ಬೆಸುಗೆ ಹಾಕಿದ. ಅಲ್ಲಿಟ್ಟರೆ ಸಂಕೇತ ಸಿಗುತ್ತಿತ್ತು. ಸೆಲ್ಲು ಒಂದೇ ದಿನದಲ್ಲಿ ಮುಗಿಯುತ್ತಿದ್ದುದರಿಂದ ವ್ಯಾನಿನ ಬ್ಯಾಟರಿಯಿಂದಲೇ ತಂತಿ ಎಳೆದುಕೊಟ್ಟ. ಆದಿನಾರಾಯಣಪ್ಪನವರು ಹಳೇ ಗೆಳೆಯರ ಮೂಲಕ ರಾಯಚೂರು ಕಡೆಯ ಸರ್ವೆ ನಕ್ಷೆ ತರಿಸಿದರು. ರುಕ್ಮಿಣಮ್ಮ ಭೂತಗನ್ನಡಿ ಹಿಡಿದು ಕೂತು, ರಾಯಚೂರಿನಿಂದ ನದಿಯವರೆಗೆ ಪ್ರತಿ ತಿರುವಿನ ಡಿಗ್ರಿ ಮಿನಿಟುಗಳನ್ನು ತೆಗೆದು, ದಪ್ಪ ಅಕ್ಷರದಲ್ಲಿ ಒಂದು ನೋಟ್ ಪುಸ್ತಕಕ್ಕೆ ಇಳಿಸಿದರು. ಒಂದು ಮಿನಿಟು ಎಂದರೆ ಒಂದು ಮೈಲಿಗಿಂತ ತುಸು ಜಾಸ್ತಿ ಎಂಬುದನ್ನೂ ಮೊದಲ ಪುಟದಲ್ಲೇ ಬರೆದುಕೊಂಡರು.

ಮಮತ ಅಪ್ಪನ ಜೊತೆ ಎರಡು ವಾರ ಮಾತು ಬಿಟ್ಟಳು. ಕೊನೆಗೆ ಇನ್ನೊಂದು ಫ್ಲಾಸ್ಕು ತಂದುಕೊಟ್ಟು, ಹೋದ ಕಡೆಯಿಂದೆಲ್ಲ ಎಸ್.ಟಿ.ಡಿ. ಬೂತಿನಿಂದ ಫೋನ್ ಮಾಡಬೇಕು ಎಂದು ಮಾತು ತಗೊಂಡಳು.

೧೯೯೮ರ ಡಿಸೆಂಬರಿನಲ್ಲಿ ಮತ್ತೆ ಹೊರಟರು. ರಾಯಚೂರು ಬಿಟ್ಟದ್ದು ಬೆಳಿಗ್ಗೆ ಏಳಕ್ಕೆ. ಅದೇ ಮೂರು ಕವಲಿನ ಜಾಗ ಬಂತು. ಎತ್ತಿನ ಗಾಡಿಯವನೊಬ್ಬ ಬಲಕ್ಕೆ ಕೈ ತೋರಿಸಿದ. ಬಲಕ್ಕೆ ತಿರುಗಿದರು. ರುಕ್ಮಿಣಮ್ಮ ಅಂಕಿ ಓದುತ್ತಲೇ ಇದ್ದರು. ಎರಡು ಮೈಲಿ ಹೋಗಿರಬೇಕು, "ನಿಲ್ಸಿ, ನಿಲ್ಸಿ," ಎಂದರು. "ರೇಖಾಂಶ ಇಳೀಬೇಕು, ಏರ್ತಾ ಇದೆ. ನಾವು ಪೂರ್ವಕ್ಕೆ ಹೋಗ್ತಿದೀವಿ."

"ಆ ಮನುಷ್ಯ ಇದೇ ದಾರಿ ಅಂದ್ನಲ್ಲ?"

"ಅವನು ಯಾವ ಊರಿಗೆ ಅಂದ್ಕೊಂಡ್ನೋ. ತಿರುಗ್ಸಿ."

ತಿರುಗಿಸಿ ಬಂದು ಎಡಗಡೆಯ ಕವಲು ಹಿಡಿದರು. ರಸ್ತೆ ಡೊಂಕಾಗಿ ಒಂದು ಹಳ್ಳ ಸುತ್ತಿಹೋಯಿತು. ಅಂಕಿಗಳು ಒಮ್ಮೆ ಹಿಂದೆ, ಒಮ್ಮೆ ಮುಂದೆ ಆದವು. ಹೆಂಡತಿ ನಿಲ್ಲಿಸಿ ಎನ್ನುವವರೆಗೆ ನಿಲ್ಲಿಸಬಾರದೆಂದು ಆದಿನಾರಾಯಣಪ್ಪನವರು ಓಡಿಸುತ್ತಲೇ ಹೋದರು. ಹತ್ತೂವರೆಗೆ ಅಕ್ಷಾಂಶ ಹದಿನಾರು ಡಿಗ್ರಿ ಇಪ್ಪತ್ತನಾಲ್ಕು ಮಿನಿಟಿನ ಹತ್ತಿರ ಬಂತು. ರಸ್ತೆ ಒಂದು ಹಳ್ಳಿಯಲ್ಲಿ ಮುಗಿಯಿತು. ಹಳ್ಳಿಯ ಹಿಂದೆ ಇಳಿಜಾರು, ಅದರ ಕೆಳಗೆ ನೀರು ಹೊಳೆಯುತ್ತಿತ್ತು.

ರುಕ್ಮಿಣಮ್ಮನ ಕಾಲಿಗೆ ಗಾಯವಾಗಬಾರದೆಂದು ಕ್ಯಾನ್ವಾಸ್ ಶೂ ತಂದಿದ್ದರು. ಅದನ್ನು ಹಾಕಿಕೊಂಡು, ಗಂಡನ ತೋಳು ಹಿಡಿದು ಇಳಿದರು. ನಕ್ಷೆಯಲ್ಲಿ ಎರಡು ಗೆರೆ ಬಂದು ಒಂದಾಗುತ್ತವೆ. ಇಲ್ಲಿ ಮರಳು, ಬಂಡೆ, ಬಂಡೆಗಳ ನಡುವೆ ಹತ್ತಾರು ಕಡೆ ಸೀಳಿ ಹರಿಯುವ ನೀರು. ಯಾವುದು ಎಲ್ಲಿ ಸೇರಿತೆಂದು ಬೆರಳಿಟ್ಟು ಹೇಳುವಂತಿರಲಿಲ್ಲ. ಬಟ್ಟೆ ಒಗೆಯುತ್ತಿದ್ದ ಹೆಂಗಸನ್ನು ಕೇಳಿದರು: "ಇದರಲ್ಲಿ ಭೀಮಾ ಯಾವುದಮ್ಮ?"

"ಆಚೀಕಡಿಂದ ಬರೋದ ಭೀಮಾ. ನೀವು ನಿಂತೀರಲ್ರೀ, ಇಲ್ಲೇ ಬಂದು ಕೃಷ್ಣಾಕ್ಕ ಕೂಡ್ತದ."

ರುಕ್ಮಿಣಮ್ಮ ಬಗ್ಗಿ ನೀರು ಮುಟ್ಟಿದರು. "ಇಷ್ಟು ತೆಳ್ಳಗೆ ಇರುತ್ತೆ ಅಂದ್ಕೊಂಡಿರ್ಲಿಲ್ಲ," ಎಂದರು. ಬೇಸರದ ದನಿಯಾಗಿರಲಿಲ್ಲ ಅದು. ಪಾಠದಲ್ಲಿ ತಪ್ಪಿದ್ದೊಂದನ್ನು ತಿದ್ದಿಕೊಂಡ ಹಾಗಿತ್ತು. ಫ್ಲಾಸ್ಕಿನಲ್ಲಿ ಐಸ್ ಇನ್ನೂ ಗಟ್ಟಿಯಾಗಿತ್ತು. ಒಂದು ಗಂಟೆಗೆ ಸರಿಯಾಗಿ ವ್ಯಾನಿನ ನೆರಳಿನಲ್ಲಿ ಮುದ್ದೆ, ಸೊಪ್ಪಿನ ಸಾರು ಉಂಡರು. ಸಂಜೆ ರಾಯಚೂರಿನ ಬೂತಿನಿಂದ ಮಮತಳಿಗೆ ಫೋನ್ ಮಾಡಿದಾಗ ರುಕ್ಮಿಣಮ್ಮ ಹೇಳಿದ್ದು ಇಷ್ಟೇ: "ಸಿಕ್ತು ಕಣೇ."

ಮುಂದಿನ ಒಂದು ವರ್ಷದಲ್ಲಿ ಮಲಪ್ರಭಾ, ಘಟಪ್ರಭಾ, ಹಿಂದೆ ಬರೀ ದಾಟಿಹೋಗಿದ್ದ ತುಂಗಭದ್ರಾ ನೋಡಿದರು. ಅಷ್ಟರಲ್ಲಿ ರುಕ್ಮಿಣಮ್ಮನ ಕಣ್ಣು ಮತ್ತಷ್ಟು ಮಂಜಾಯಿತು. ಬೆಂಗಳೂರಿನ ಕಣ್ಣಿನ ಡಾಕ್ಟರು ಲೇಸರ್ ಕೊಟ್ಟು, ಇರುವಷ್ಟು ದೃಷ್ಟಿ ಉಳಿದರೆ ಅದೇ ದೊಡ್ಡದು ಎಂದರು. ದಪ್ಪ ಅಂಕಿಯೂ ಕಾಣದಾಯಿತು. ೧೯೯೯ರ ಡಿಸೆಂಬರಿನಲ್ಲಿ ಗೋದಾವರಿಗೆ ಹೊರಟಾಗ ಮಮತ ಎಕ್ಸ್‌ಚೇಂಜಿಗೆ ರಜ ಹಾಕಿ, ಯಾರೂ ಕರೆಯದೆಯೇ ಬಂದು ಯಂತ್ರದ ಮುಂದೆ ಕೂತಳು. ರುಕ್ಮಿಣಮ್ಮ ಹಿಂದಿನ ಕಿಟಕಿಯ ಪಕ್ಕ ಕೂತರು.

ಹೈದರಾಬಾದ್ ಹೋಯಿತು, ನಿಜಾಮಾಬಾದಿನ ಕಡೆಯ ಭತ್ತದ ಗದ್ದೆಗಳು ಹೋದವು.

"ಎಷ್ಟಮ್ಮ ಈಗ?" ಎಂದು ರುಕ್ಮಿಣಮ್ಮ ಆಗಾಗ ಕೇಳುತ್ತಿದ್ದರು.

"ಹದಿನೆಂಟು ಡಿಗ್ರಿ, ಐವತ್ತೆರಡು ಮಿನಿಟು."

"ಇನ್ನು ಹತ್ತು ಮೈಲಿ ಒಳಗೆ. ನಿಮ್ಮಪ್ಪಂಗೆ ನಿಧಾನ ಹೋಗಕ್ಕೆ ಹೇಳು."

"ಅಮ್ಮ, ಇದು ನೋಡ್ದೇನೇ ಎಲ್ಲಾ ಹೇಳ್ತೀಯಲ್ಲ, ಈ ಯಂತ್ರ ಬೇಕಿತ್ತಾ ನಮಗೆ?"

"ನೀನು ಅಂಕಿ ಹೇಳಿದ್ಮೇಲೆ ತಾನೆ ನಂಗೆ ಗೊತ್ತಾಗೋದು? ಸುಮ್ನೆ ಓದು."

ಸೇತುವೆಯ ಮೇಲೆ ಆದಿನಾರಾಯಣಪ್ಪನವರು ವ್ಯಾನನ್ನು ಬದಿಗೆ ತಂದು ನಿಧಾನ ಮಾಡಿದರು. ಎರಡೂ ಕಡೆ ನೀರು. ರುಕ್ಮಿಣಮ್ಮನಿಗೆ ಅದು ಬಿಳಿಯ ಬೆಳಕಿನ ಹಾಗೆ ಕಂಡಿತು. ಅಗಲ ಎಷ್ಟಿದೆ ಎಂದು ಕೇಳಿದರು. ಮಮತ ಸೇತುವೆಯ ಕಂಬಗಳನ್ನು ಒಂದೊಂದಾಗಿ ಎಣಿಸಿ ಹೇಳಿದಳು. ಆಮೇಲೆ ತಾಯಿಯನ್ನು ಇಳಿಸಿಕೊಂಡು ದಡಕ್ಕೆ ಹೋಗಿ, ಮೊಣಕಾಲುದ್ದ ನೀರಿನಲ್ಲಿ ಅವರನ್ನು ಹಿಡಿದುಕೊಂಡು ನಿಂತಳು.

ನರ್ಮದೆಗೆ ಹೋಗಬೇಕೆಂದು ನೋಟ್ ಪುಸ್ತಕದಲ್ಲಿ ಬರೆದಿತ್ತು. ಹೋಗಲಾಗಲಿಲ್ಲ. ಮೆಟಡೋರಿನ ಎಂಜಿನ್ ಕೈಕೊಟ್ಟಿತು, ನಂದೀಶ್ ಬಿಚ್ಚಿ ನೋಡಿ, ಇನ್ನು ಇದು ಹೊಸಕೋಟೆ ದಾಟೋದು ಬೇಡ ಸಾರ್ ಎಂದ. ಆಮೇಲೂ ಆದಿನಾರಾಯಣಪ್ಪನವರು ಹೆಂಡತಿಯನ್ನು ಆ ವ್ಯಾನಿನಲ್ಲೇ ಜಡಿಗೇನಹಳ್ಳಿಗೆ, ಹೊಸಕೋಟೆ ಆಸ್ಪತ್ರೆಗೆ ಕರೆದುಕೊಂಡು ಹೋಗಿ ಬರುತ್ತಿದ್ದರು. ಅಷ್ಟು ದೂರಕ್ಕೆ ಅವರಿಗೆ ಯಾವ ಯಂತ್ರವೂ ಬೇಕಾಗಿರಲಿಲ್ಲ.